ಮುತ್ಯಾನ ರೇಡಿಯೋ, ಕಾಕಾನ ಧೋತರ

ನಮ್ಮ ಮನೆಯಲ್ಲಿ ಈಚೆಗೆ ಒಂದು ವ್ಯಾಜ್ಯ ನಡೆದಿದೆ. ಫಿರ್ಯಾದಿ ನಾನು, ಎದುರಾಳಿ ನನ್ನ ಮಗ. ಸಾಕ್ಷಿ ಹೇಳಲು ಮಾತ್ರ ಯಾರೂ ಸಿಗುತ್ತಿಲ್ಲ. ಸೊಸೆ ಜಾಣೆ, ತಾಯಿ ಮಗನ ಜಗಳದಲ್ಲಿ ಬಾಯಿ ಹಾಕಬಾರದೆಂದು ಮದುವೆಯಾದ ವರ್ಷವೇ ಕಲಿತವಳು. ವ್ಯಾಜ್ಯಕ್ಕೆ ಕಾರಣ ಪಡಸಾಲೆಯ ಮೂಲೆಯಲ್ಲಿ ಕುಳಿತಿರುವ ಒಂದು ಹಾಡಿನ ಯಂತ್ರ.

ಮಗ ಇಲ್ಲೇ ಜಹೀರಾಬಾದಿನ ಕಾಲೇಜಿನಲ್ಲಿ ಲೆಕ್ಕ ಕಲಿಸುತ್ತಾನೆ. ವಯಸ್ಸು ಐವತ್ತು ದಾಟಿದೆ, ಮುಖ ಮಾತ್ರ ಎಂಬತ್ತರ ಹಾಗೆ ಗಂಭೀರ. ಬೇರೆಯವರ ಮಕ್ಕಳು ಈ ವಯಸ್ಸಿಗೆ ಹೊಲ ಕೊಳ್ಳುತ್ತಾರೆ, ಹೊಟ್ಟೆ ಬೆಳೆಸುತ್ತಾರೆ. ಇವನು ಎಲ್ಲಿಂದಲೋ ಹಳೆಯ ಕಾಲದ ವಾಲ್ವುಗಳನ್ನು ತರಿಸಿ ತನ್ನ ಕೈಯಾರೆ ಒಂದು ಆಂಪ್ಲಿಫೈಯರ್ ಕಟ್ಟಿಕೊಂಡಿದ್ದಾನೆ. ನಾಲ್ಕು ಗಾಜಿನ ಬುರುಡೆಗಳು, ಒಳಗೆ ಕೆಂಡದ ಚೂರಿನಂಥ ಬೆಳಕು. ಮುಂಜಾನೆ ಹಚ್ಚಿದನೆಂದರೆ ಮಲಗುವ ತನಕ ಅದು ಉರಿಯುತ್ತಲೇ ಇರುತ್ತದೆ. ಪಡಸಾಲೆಯಲ್ಲಿ ಜನ ಇರಲಿ ಬಿಡಲಿ, ಅದರ ಪಾಡಿಗೆ ಅದು ಹಾಡಿಕೊಂಡಿರುತ್ತದೆ. ಕೇಳುವವರಿಲ್ಲದೆ ಹಾಡುವುದನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಹೋಗಿ ಬಂದ್ ಮಾಡುತ್ತೇನೆ. ಮನೆಯೊಳಗೆ ಎಲ್ಲಿದ್ದರೂ ಅವನಿಗೆ ತಿಳಿದುಬಿಡುತ್ತದೆ.

"ಅವ್ವಾ, ಅದಕ್ಕ ಕೈ ಹಚ್ಚಬ್ಯಾಡ ಅಂತ ಎಷ್ಟು ಸಲ ಹೇಳ್ಬೇಕು? ಹಚ್ಚೂದು ಆರಿಸೂದು ಮಾಡಿದ್ರ ವಾಲ್ವ್ ಕೆಡ್ತಾವ."

ಹೋದ ವಾರ ಅದರ ಮೇಲಿನ ಧೂಳು ಒರೆಸಲು ಹೋಗಿದ್ದೆ. ಬಟ್ಟೆ ತಾಕುತ್ತಲೇ ಒಂದು ವಾಸನೆ ಎದ್ದಿತು. ಬಿಸಿಯಾದ ಧೂಳಿನ ವಾಸನೆ, ಅದರ ಹಿಂದೆ ಸ್ವಲ್ಪ ಕಾದ ಅರಗಿನ ವಾಸನೆ. ನಿಮ್ಮಲ್ಲಿ ಹಳಬರು ಯಾರಾದರೂ ಇದ್ದರೆ ಗೊತ್ತಿರುತ್ತದೆ, ಅದು ಹಳೆಯ ರೇಡಿಯೋದ ಬೆನ್ನಿನ ವಾಸನೆ. ಕೈಯಲ್ಲಿ ಬಟ್ಟೆ ಹಿಡಿದುಕೊಂಡು ಅಲ್ಲೇ ಕುರ್ಚಿಯಲ್ಲಿ ಕುಳಿತುಬಿಟ್ಟೆ. "ವಾಲ್ವ್ ಕೆಡ್ತಾವ" ಅನ್ನುವ ಮಾತನ್ನು ನಾನು ಮೊದಲು ಕೇಳಿದ್ದು ಮಗನ ಬಾಯಲ್ಲಿ ಅಲ್ಲ. ಇದೇ ಊರಿನಲ್ಲಿ, ನಿಜಾಮರ ರಾಜ್ಯದಲ್ಲಿ, ಜರ್ಮನಿಯವರ ದೊಡ್ಡ ಲಡಾಯಿ ನಡೆದಿದ್ದ ಕಾಲಕ್ಕೆ, ಹೊಸದಾಗಿ ಮದುವೆಯಾಗಿ ಬಂದ ಒಬ್ಬ ಹೆಣ್ಣುಮಗಳ ಬಾಯಲ್ಲಿ. ಅವಳಿಗೆ ವಾಲ್ವ್ ಎಂದರೆ ಏನೆಂದು ಗೊತ್ತಿರಲಿಲ್ಲ. ಅದು ಉದ್ದಕ್ಕಿದೆಯೋ ದುಂಡಗಿದೆಯೋ ಅವಳು ನೋಡಿರಲೂ ಇಲ್ಲ.

ಆಗ ನಾನು ಲಂಗ ಉಡುತ್ತಿದ್ದ ಹುಡುಗಿ. ಅಪ್ಪ ಅವ್ವ ಬಶೀರಾಬಾದಿನ ಕಡೆ ಹೊಲ ನೋಡಿಕೊಂಡಿದ್ದರು. ನನ್ನನ್ನು ಶಾಲೆಗೆಂದು ಜಹೀರಾಬಾದಿನಲ್ಲಿ ಮುತ್ಯಾನ ಮನೆಯಲ್ಲಿ ಬಿಟ್ಟಿದ್ದರು. ಮುತ್ಯಾ ಎಂದರೆ ಅಪ್ಪನ ಅಪ್ಪ. ಸ್ಟೇಶನ್ನಿನ ಹಾದಿಯಲ್ಲಿ ಅವನದೊಂದು ಹಿಟ್ಟಿನ ಗಿರಣಿ ಇತ್ತು, ಎಣ್ಣೆಯ ಎಂಜಿನ್ನಿನದು. ಅದರ ಕುಕ್ ಕುಕ್ ಸದ್ದು ಕೊಹೀರಿನ ದಾರಿಯವರೆಗೂ ಕೇಳುತ್ತದೆ ಎಂದು ಮುತ್ಯಾ ಹೇಳುತ್ತಿದ್ದ. ಕೊಹೀರಿನವರು ಹಾಗೆ ಹೇಳಿದ್ದನ್ನು ನಾನು ಕೇಳಿಲ್ಲ.

ಗಿರಣಿ ಮನೆಯವರೆಂದರೆ ಊರಲ್ಲಿ ಒಂದು ತೂಕ. ಆ ತೂಕಕ್ಕೆ ತಕ್ಕ ಹಾಗೆ ಮುತ್ಯಾ ಹೈದರಾಬಾದಿಗೆ ಹೋಗಿ ಒಂದು ರೇಡಿಯೋ ತಂದ. ರೈಲಿನಲ್ಲಿ ಅದಕ್ಕೂ ಒಂದು ಜಾಗ ಹಿಡಿದು, ಧೋತರದ ಅಂಚಿನಿಂದ ಧೂಳು ಒರೆಸುತ್ತ ತಂದನಂತೆ. ಕರೀ ಮರದ ಪೆಟ್ಟಿಗೆ, ಎದೆಯ ಮೇಲೆ ಜಾಳಿಗೆ ಬಟ್ಟೆ, ಕೆಳಗೆ ತಿರುವುವ ಎರಡು ಕಿವಿ, ನಡುವೆ ಒಂದು ಸಣ್ಣ ಕೆಂಪು ದೀಪ. ಊರಲ್ಲಿ ಕರೆಂಟು ಇರದಿದ್ದುದರಿಂದ ಅದು ಮೋಟಾರಿನ ಬ್ಯಾಟರಿಯ ಮೇಲೆ ನಡೆಯುತ್ತಿತ್ತು. ಪಡಸಾಲೆಯಲ್ಲಿ ಮುತ್ಯಾನ ಗಾದಿಯ ಪಕ್ಕಕ್ಕೆ ಒಂದು ಮೇಜಿನ ಮೇಲೆ ಅದನ್ನು ಕೂಡಿಸಿದರು. ಸಂಜೆಯಾದರೆ ಕಟ್ಟೆಯ ಮೇಲೆ ಜನ ನೆರೆಯುತ್ತಿದ್ದರು. ಸುದ್ದಿ ಉರ್ದುವಿನಲ್ಲಿ ಬರುವುದು, ಮುತ್ಯಾ ಅದನ್ನು ಕನ್ನಡಕ್ಕೆ ಇಳಿಸುವುದು. ಇಳಿಸುವಾಗ ಅವನು ಕೈಯಿಂದ ಸ್ವಲ್ಪ ಸೇರಿಸುತ್ತಿದ್ದ. ಆ ಲಡಾಯಿ ನಮ್ಮ ಕಟ್ಟೆಯ ಮೇಲೆ ಹಲವು ಸಲ ಮುಗಿದು, ಮರುದಿನ ಮತ್ತೆ ಸುರುವಾಗಿದೆ.

ಈ ರೇಡಿಯೋವನ್ನು ಇಡೀ ದಿನ ಹಚ್ಚಿಯೇ ಇಡಬೇಕೋ, ಕೇಳುವಾಗ ಹಚ್ಚಿ ಆಮೇಲೆ ಆರಿಸಬೇಕೋ ಎಂಬುದೇ ಮನೆಯ ದೊಡ್ಡ ವಾದವಾಯಿತು.

ಮುತ್ಯಾ ಹಚ್ಚಿಡುವ ಪಕ್ಷ. ಮಾರಿದವನು ಅವನ ತಲೆಯಲ್ಲಿ ಒಂದು ಮಾತು ತುಂಬಿ ಕಳಿಸಿದ್ದ, ವಾಲ್ವ್ ಕೆಡುವುದು ಉರಿಯುವಾಗ ಅಲ್ಲ, ತಣ್ಣಗಿದ್ದದ್ದು ಒಮ್ಮೆಲೆ ಹೊತ್ತಿಕೊಳ್ಳುವಾಗ ಎಂದು. ಮುತ್ಯಾ ಅದಕ್ಕೆ ತನ್ನದೇ ಉದಾಹರಣೆ ಜೋಡಿಸಿದ. "ಮುದುಕ್ರು ಕೂತಲ್ಲಿ ಬೀಳಂಗಿಲ್ಲ. ಏಳಾಕ ಹೋಗಿ ಬೀಳ್ತಾರ. ಕೂತದ್ದು ಕೂತಿರ್ಲಿ ಬಿಡು."

ಆರಿಸುವ ಪಕ್ಷ ನನ್ನ ಶರಣಪ್ಪ ಕಾಕಾನದು. ಅಪ್ಪನ ತಮ್ಮ, ಗಿರಣಿ ನೋಡಿಕೊಳ್ಳುವವನು. ಅವನ ದುಃಖ ಬೇರೆ. ಬ್ಯಾಟರಿ ಇಳಿದರೆ ಅದನ್ನು ಗಿರಣಿಗೆ ಒಯ್ದು, ಎಂಜಿನ್ನಿಗೆ ಪಟ್ಟಾ ಹಾಕಿ ಕೂಡಿಸಿದ ಡೈನಮೋದಿಂದ ಚಾರ್ಜ್ ಮಾಡಿಸಿ ತರಬೇಕು. ಹಗ್ಗದ ಹಿಡಿಕೆ ಕಟ್ಟಿಕೊಂಡು ತೊಡೆಗೆ ತಾಗಿಸಿ ಅದನ್ನು ಹೊತ್ತು ನಡೆಯುವಾಗ ಒಳಗಿನ ತೇಜಾಬು, ಅಂದರೆ ಆಸಿಡ್, ತುಳುಕಿ ಧೋತರದ ಮೇಲೆ ಬೀಳುತ್ತಿತ್ತು. ಬಿದ್ದಲ್ಲೆಲ್ಲ ತೂತು. ಅವತ್ತೇ ಕಾಣುತ್ತಿರಲಿಲ್ಲ, ಒಗೆದು ಒಣಹಾಕಿದಾಗ ಕಾಣುತ್ತಿತ್ತು. ಊರಲ್ಲಿ ಶರಣಪ್ಪಂದಿರು ಬಹಳ ಮಂದಿ ಇದ್ದರು. ನಮ್ಮ ಕಾಕಾ ಯಾರೆಂದು ಗುರುತು ಹೇಳುವಾಗ ಜನ ಧೋತರದಿಂದಲೇ ಹೇಳುತ್ತಿದ್ದರು. "ಕೆಲಸಿಲ್ದಾಗ ಎತ್ತಿನ ಕೊರಳಾಗಿನ ನೊಗಾನೂ ಇಳಸ್ತಾರ್ರಿ ಅಪ್ಪಾ," ಎಂದು ಅವನು ಗೊಣಗುತ್ತಿದ್ದ. ಎತ್ತು ಎಂದರೆ ರೇಡಿಯೋವೋ ತಾನೋ ಎಂಬುದನ್ನು ಬಿಡಿಸಿ ಹೇಳುತ್ತಿರಲಿಲ್ಲ.

ಆಯಿ, ಅಂದರೆ ನನ್ನ ಅಜ್ಜಿ, ಯಾವ ಪಕ್ಷವೂ ಅಲ್ಲ. ಚಳಿಗಾಲದಲ್ಲಿ ಹಾಲಿಗೆ ಹೆಪ್ಪು ಹಾಕಿ ಗಿಂಡಿಯನ್ನು ರೇಡಿಯೋದ ತಲೆಯ ಮೇಲೆ ಇಟ್ಟರೆ ಮೊಸರು ಗಟ್ಟಿಯಾಗುತ್ತದೆಂದು ಕಂಡುಕೊಂಡಿದ್ದಳು. ಹೀಗಾಗಿ ಚಳಿಗಾಲಕ್ಕೆ ಹಚ್ಚಿಡಲಿ, ಬೇಸಿಗೆಗೆ ಆರಿಸಲಿ ಎಂಬುದು ಅವಳ ತೀರ್ಪು. ಬೆಕ್ಕು ಮಾತ್ರ ಎಲ್ಲ ಕಾಲದಲ್ಲೂ ಮುತ್ಯಾನ ಕಡೆ.

ಇನ್ನುಳಿದವಳು ನೀಲಮ್ಮ ಕಾಕಿ. ಕಾಕಾನ ಹೆಂಡತಿ, ನಾರಾಯಣಖೇಡದ (ನಾವು ಬರೀ ಖೇಡ ಅನ್ನುತ್ತೇವೆ) ಕಡೆಯ ಹಳ್ಳಿಯವಳು, ಮದುವೆಯಾಗಿ ಬಂದು ಇನ್ನೂ ವರ್ಷವಾಗಿರಲಿಲ್ಲ. ಆ ಕಾಲದ ರೀತಿ ನಿಮಗೆ ಹೇಳಬೇಕು. ಹಗಲಲ್ಲಿ ಹಿರಿಯರ ಮುಂದೆ ಗಂಡ ಹೆಂಡತಿ ಮಾತಾಡುವಂತಿರಲಿಲ್ಲ. ಮಾವನ ಮುಂದಂತೂ ಸೊಸೆಯ ದನಿಯೇ ಕೇಳಿಸಬಾರದು. ಕಾಕಿಗೆ ಹೇಳುವುದಿದ್ದರೆ ನನಗೆ ಹೇಳಬೇಕು, ನಾನು ಹೋಗಿ ಹೇಳಬೇಕು. ಮೂರು ಹೆಜ್ಜೆ ದೂರದಲ್ಲಿ ಕುಳಿತ ಗಂಡ ಹೆಂಡಿರ ನಡುವೆ ನಾನು ಟಪಾಲಿನವಳು. ಕಾಕಿ ಅಂಥ ಟಪಾಲಿನಲ್ಲಿ ಮೇಲಿಂದ ಮೇಲೆ ಕಳಿಸುತ್ತಿದ್ದ ಸಂದೇಶ ಒಂದೇ.

"ತಂಗೀ, ನಿಮ್ಮ ಕಾಕಾ ರೇಡಿಯೋ ಬಂದ್ ಮಾಡ್ಯಾರೇನ ನೋಡು. ಹಚ್ಚೂದು ಆರಿಸೂದು ಮಾಡಿದ್ರ ವಾಲ್ವ್ ಕೆಡ್ತಾವಂತ ಮಾವನೋರು ಹೇಳ್ಯಾರಲ್ಲ, ನೆನಪ ಮಾಡು."

ಕಾಕಿಗೆ ಕನ್ನಡ ಬರುತ್ತಿತ್ತು, ತೆಲುಗು ಬರುತ್ತಿತ್ತು. ಉರ್ದು ಬರುತ್ತಿರಲಿಲ್ಲ. ರೇಡಿಯೋ ದಿನದ ಬಹುಪಾಲು ಉರ್ದುವಿನಲ್ಲೇ ಮಾತಾಡುತ್ತಿತ್ತು. ಯಾವುದೋ ಮೌಲವಿಯ ಉಪನ್ಯಾಸ ಬರುತ್ತಿದ್ದರೂ ಕಾಕಿಗೆ ಅದು ಬೇಕು. ಮಂಡಿಯ ಧಾರಣೆ ಓದುತ್ತಿದ್ದರೂ ಬೇಕು. ಕಾಕಾ ಇದನ್ನು ನೋಡಿ ನೋಡಿ ಒಮ್ಮೆ ನನಗೆ ಹೇಳಿದ: "ನಿಮ್ಮ ಕಾಕಿಗಿ ಕೇಳು, ಆ ಧಾರಣಿ ಕೇಳಿ ಏನ್ ಎಳ್ಳು ಮಾರ್ತಾಳಂತ." ನಾನು ಹೋಗಿ ಕೇಳಿದೆ. ಕಾಕಿ ನಕ್ಕು ರೊಟ್ಟಿ ತಿರುವಿದಳು.

ಗುಟ್ಟು ನನಗೆ ಗೊತ್ತಾದದ್ದು ಅಡುಗೆಮನೆಯಲ್ಲಿ. ಪಡಸಾಲೆ ದಾಟಿ, ನಡುಮನೆ ದಾಟಿದರೆ ಅಡುಗೆಮನೆ. ಅಲ್ಲಿ ನಾನು ತೊಗರಿಬೇಳೆಯೊಳಗಿನ ಕಲ್ಲು ಆರಿಸುತ್ತ ಕುಳಿತಿದ್ದೆ. ಹೊರಗೆ ರೇಡಿಯೋದಲ್ಲಿ ಯಾರೋ ಗಾಯಕಿಯ ಗಜಲು ಏರುದನಿಯಲ್ಲಿ ನಡೆದಿತ್ತು. ಅದರ ಕೆಳಗೆ, ನೆಲದೊಳಗಿನ ನೀರಿನ ಹಾಗೆ, ಇನ್ನೊಂದು ದನಿ ಹರಿಯುತ್ತಿರುವುದು ಕೇಳಿತು. ತಲೆ ಎತ್ತಿ ನೋಡಿದೆ. ಕಾಕಿ ರೊಟ್ಟಿ ಬಡಿಯುತ್ತ ಬಡಿಯುತ್ತ ಹಾಡುತ್ತಿದ್ದಳು. ಗಜಲಲ್ಲ, ಬೀಸುವ ಹಾಡು.

ಖೇಡದ ಹಾದ್ಯಾಗ ಗಾಡಿ ಬಂದಾವೇನ
ಎತ್ತಿನ ಗೆಜ್ಜೀಯ ದನಿಯಾಗ | ನನ ತವರು
ಹೆಸರ್ಹಿಡಿದು ನನ್ನ ಕರೆದೀತ

ಗಜಲು ನಿಂತಿತು. ಕಾಕಿಯೂ ಅಲ್ಲೇ ನಿಂತಳು, ಅರ್ಧ ಸಾಲಿನಲ್ಲಿ. ಸುದ್ದಿ ಸುರುವಾಯಿತು. ಕಾಕಿಯೂ ಸುರುಮಾಡಿದಳು.

ಇದರ ಹಿಂದಿನ ಕಥೆ ಕೇಳಿ. ನಮ್ಮ ಕಡೆ ಹೆಣ್ಣುಮಕ್ಕಳ ಹಾಡು ಇದ್ದದ್ದೆಲ್ಲ ಬೀಸುವ ಕಲ್ಲಿನ ಮುಂದೆ. ನಸುಕಿನಲ್ಲಿ ಎದ್ದು ಕಲ್ಲಿನ ಗೂಟ ಹಿಡಿದು ಕುಳಿತರೆ ಅತ್ತೆ ಇರಲಿ ಮಾವ ಇರಲಿ, ಗಂಟಲು ಬಿಟ್ಟು ಹಾಡಬಹುದು. ತವರನ್ನು ನೆನೆಸಬಹುದು, ನಾದಿನಿಯನ್ನು ಬೈಯಬಹುದು, ಗಂಡನನ್ನು ಆಡಿಕೊಳ್ಳಬಹುದು. ಕಲ್ಲಿನ ಮುಂದೆ ಹಾಡಿದ್ದಕ್ಕೆ ಯಾರೂ ಜವಾಬು ಕೇಳುವಂತಿಲ್ಲ, ಅದು ಕಲ್ಲಿನ ಪುಣ್ಯ. ಕಲ್ಲಿಲ್ಲದೆ ಹಾಡಿದರೆ ಅದು ಬೇರೆಯೇ ಮಾತು. ಒಲೆಯ ಮುಂದೆ ಕುಳಿತು ಸೊಸೆ ಹಾಡಿದರೆ "ಏನವ್ವಾ, ಕೆಲಸಿಲ್ಲೇನು?" ಎಂದು ಓಣಿಯೆಲ್ಲ ಕೇಳುತ್ತದೆ. ಕಾಕಿ ಹುಟ್ಟಿ ಬೆಳೆದದ್ದು ಕಲ್ಲಿನ ಮುಂದೆ. ಅವಳ ಹಳ್ಳಿಯಲ್ಲಿ ಅವಳ ಹಾಡು ಕೇಳಲೆಂದೇ ಪಕ್ಕದ ಮನೆಯವರು ಬೇಗ ಏಳುತ್ತಿದ್ದರಂತೆ. ಅಂಥವಳನ್ನು ತಂದು ಕೊಟ್ಟದ್ದು ಗಿರಣಿ ಮನೆಗೆ.

ನಮ್ಮ ಮನೆಯ ಬೀಸುವ ಕಲ್ಲು ಗಿರಣಿ ಬಂದ ದಿನವೇ ಕೊಟ್ಟಿಗೆಗೆ ಹೋಗಿ, ದನ ಕಟ್ಟುವ ಗೂಟದ ಪಕ್ಕದಲ್ಲಿ ಮಕಾಡೆ ಮಲಗಿತ್ತು. ಅದು ಮುತ್ಯಾನ ಅಪ್ಪಣೆ. ಗಿರಣಿ ಹಿಟ್ಟಿಗೆ ರುಚಿ ಇಲ್ಲ, ಸುಟ್ಟ ವಾಸನೆ ಬರುತ್ತದೆ, ತಿಂದರೆ ಹೊಟ್ಟೆ ಉಬ್ಬುತ್ತದೆ ಎಂದು ಆಗ ಊರಲ್ಲಿ ಗುಲ್ಲಿತ್ತು. "ಗಿರಣಿಯವ್ರ ಮನ್ಯಾಗೇ ಕಲ್ಲಿನ ಸಪ್ಪಳ ಕೇಳ್ತಂದ್ರ, ನಮ್ಮ ಗಿರಣಿಗಿ ಯಾರ ಬರ್ತಾರ?" ಎಂದು ಮುತ್ಯಾ ಕೇಳಿದ್ದ. ಹೀಗೆ ಗಿರಣಿಯು ಮನೆಯ ಹೆಂಗಸರ ತೋಳಿಗೆ ವಿರಾಮ ಕೊಟ್ಟು, ಗಂಟಲನ್ನೂ ಕಟ್ಟಿಹಾಕಿತ್ತು. ಅದೇ ಗಿರಣಿಯ ಎಂಜಿನ್ನಿನಿಂದ ಚಾರ್ಜ್ ಆದ ಬ್ಯಾಟರಿಯಿಂದ ರೇಡಿಯೋ ನಡೆದು, ಆ ರೇಡಿಯೋದ ಸದ್ದಿನ ಮರೆಯಲ್ಲಿ ಕಾಕಿಗೆ ಮತ್ತೆ ಹಾಡಲು ಒಂದು ಸಂದು ಸಿಕ್ಕಿತ್ತು. ಬ್ಯಾಟರಿ ಗಿರಣಿಗೆ ಹೋದ ದಿನಗಳಲ್ಲಿ ಮನೆಯಲ್ಲಿ ಎರಡು ದನಿ ನಿಲ್ಲುತ್ತಿದ್ದವು. ಆ ದಿನಗಳ ರೊಟ್ಟಿಯೂ ದಪ್ಪ.

"ಯಾರಿಗೂ ಹೇಳಬ್ಯಾಡ ತಂಗೀ," ಎಂದಳು ಕಾಕಿ. "ಹಾಡಲಿಲ್ಲಂದ್ರ ನನಗ ಉಸರ ಕಟ್ಟಿದಂಗ ಆಗ್ತದ." ನಗುತ್ತಲೇ ಹೇಳಿದಳು, ಕಣ್ಣು ಮಾತ್ರ ನಗುತ್ತಿರಲಿಲ್ಲ. ನಾನು ಯಾರಿಗೂ ಹೇಳಲಿಲ್ಲ. ಆವತ್ತಿನಿಂದ ನಾನೂ ಹಚ್ಚಿಡುವ ಪಕ್ಷಕ್ಕೆ ಸೇರಿದೆ.

ಅಷ್ಟರಲ್ಲಿ ಕಾಕಾನ ಸಹನೆ ಮುಗಿಯಿತು. ದಸರೆಗೆಂದು ತಂದ ಹೊಸ ಧೋತರಕ್ಕೂ ತೂತು ಬಿದ್ದವು. ಇನ್ನು ಸುದ್ದಿಯ ಹೊತ್ತಿಗೆ ಮಾತ್ರ ರೇಡಿಯೋ, ಉಳಿದಂತೆ ಬಂದ್, ಇಲ್ಲದಿದ್ದರೆ ಬ್ಯಾಟರಿಯನ್ನು ಬೇರೆ ಯಾರಾದರೂ ಹೊರಲಿ ಎಂದು ಮುತ್ಯಾನ ಮುಂದೆ ನಿಂತು ಹೇಳಿಬಿಟ್ಟ. ಮುತ್ಯಾ ಕೈ ಚಾಚಿ ಧೋತರದ ಅಂಚು ಹಿಡಿದ. ಅವನ ಎರಡೂ ಕಣ್ಣಿಗೆ ಪೊರೆ ಬಂದಿತ್ತು, ತೂತು ಅವನಿಗೆ ಕಾಣುತ್ತಿರಲಿಲ್ಲ, ಬೆರಳಿಂದ ಮುಟ್ಟಿ ನೋಡಿದ. ಆಮೇಲೆ, "ತಾಂಡೂರಿನ ಬೀಗರು ಬರೋರಿದ್ದಾರ. ಅವ್ರೂ ರೇಡಿಯೋ ತಗೊಳ್ಳೋರು. ಅವ್ರು ಏನಂತಾರ ಕೇಳಿ ಫೈಸಲಾ ಮಾಡಮು," ಎಂದ.

ನಾನು ಅಡುಗೆಮನೆಗೆ ಓಡಿ ಈ ಸುದ್ದಿ ಮುಟ್ಟಿಸಿದೆ. ಕಾಕಿ ಹಿಟ್ಟಿನ ಕೈಯಲ್ಲೇ ಗೋಡೆಗೆ ಒರಗಿದಳು. "ಬೀಗರು ಎಂಥವ್ರು?" ಎಂದು ಕೇಳಿದಳು. ನನಗೇನು ಗೊತ್ತು. ನನ್ನ ಸೋದರತ್ತೆಯ ಮಾವ, ನೆಲಕ್ಕೆ ಹಾಸುವ ಫರಸಿ ಕಲ್ಲಿನ ವ್ಯಾಪಾರಿ, ದೊಡ್ಡ ಮೀಸೆ, ಬಂದಾಗ ನನಗೆ ಬತ್ತಾಸು ತರುತ್ತಾರೆ ಎಂದೆ. ಕಾಕಿಗೆ ಬತ್ತಾಸಿನಿಂದ ಏನೂ ಸಮಾಧಾನ ಆಗಲಿಲ್ಲ.

ಬೀಗರು ರೈಲಿಗೆ ಬಂದರು. ಕೈಕಾಲು ತೊಳೆದು, ವಿಭೂತಿ ಹಚ್ಚಿಕೊಂಡು, ಪಡಸಾಲೆಯಲ್ಲಿ ಗಾದಿಯ ಮೇಲೆ ಕುಳಿತರು. ರೇಡಿಯೋ ಹಾಡುತ್ತಿತ್ತು. ಮುತ್ಯಾ ಹೊಸ ಎತ್ತಿನ ಬೆನ್ನು ಸವರಿದಂತೆ ಅದರ ಬೆನ್ನು ಸವರಿದ. ಬೀಗರು ಕಲ್ಲಿನ ವ್ಯಾಪಾರಿಗೆ ತಕ್ಕ ಹಾಗೆ ಅದನ್ನು ಎರಡು ಕಡೆ ಬಡಿದು ನೋಡಿ, ನೇರವಾಗಿ ಕೇಳಿದರು.

"ಇದನ್ನ ಇಡೀ ದಿನ ಹಚ್ಚೇ ಇಡಬೇಕೇನ್ರಿ? ಇಲ್ಲಾ ಕೇಳೋವಾಗಷ್ಟೇ ಹಚ್ಚಬೇಕ್ರಿ?"

ತಂದೆ ಮಗ ಇಬ್ಬರೂ ಒಟ್ಟಿಗೇ ಬಾಯಿ ತೆರೆದರು. ಮುದುಕರು ಏಳುವಾಗ ಬೀಳುತ್ತಾರೆ ಎಂಬುದೂ ಬಂತು, ಎತ್ತಿನ ನೊಗವೂ ಬಂತು. ಬೀಗರು ಎರಡೂ ಕೇಳಿ ಮೀಸೆ ಸವರಿಕೊಂಡರು. "ಊಟ ಆಗ್ಲಿ, ಅಷ್ಟೊತ್ತು ಕೇಳಿ ನೋಡಮು," ಎಂದು ದಿಂಬಿಗೆ ಒರಗಿದರು.

ಒಳಗೆ ಹೋಳಿಗೆಯ ಸಂಭ್ರಮ. ಆಯಿ ಹಿತ್ತಲಲ್ಲಿ ಬಾಳೆಲೆ ತೊಳೆಯುತ್ತಿದ್ದಳು. ಕಾಕಿ ಒಬ್ಬಳೇ ಒಲೆಯ ಮುಂದೆ. ಇನ್ನು ಹಾಡಲು ಸಿಗುವುದಿಲ್ಲ, ಇದೇ ಕೊನೆ ಎಂದು ಅವಳಿಗೆ ಅನಿಸಿರಬೇಕು. ಹೊರಗೆ ಒಂದು ದೊಡ್ಡ ಗಾಯನ ಎದ್ದಿತು, ಸಾರಂಗಿ ತಬಲಾ ಸಮೇತ. ಕಾಕಿ ಆ ಮರೆಯಲ್ಲಿ ತನ್ನದನ್ನು ಸುರುಮಾಡಿದಳು. ನಾನು ನಡುಮನೆಯ ಬಾಗಿಲಲ್ಲಿ ನಿಂತಿದ್ದೆ, ಎರಡೂ ಕಡೆ ಕಾಣುವ ಹಾಗೆ.

ಬ್ಯಾಟರಿಯ ರೇಡಿಯೋ ಹೇಗೆ ನಿಲ್ಲುತ್ತದೆಂದು ಇಂದಿನವರಿಗೆ ಗೊತ್ತಿರಲಿಕ್ಕಿಲ್ಲ. ಟಕ್ ಎಂದು ನಿಲ್ಲುವುದಿಲ್ಲ. ಸಂಜೆಯ ಬೆಳಕಿನಂತೆ ಇಳಿಯುತ್ತ ಹೋಗುತ್ತದೆ. ಇನ್ನೂ ಇದೆ ಅನ್ನುವಷ್ಟರಲ್ಲಿ ಇರುವುದಿಲ್ಲ. ಆವತ್ತು ಹಾಗೇ ಆಯಿತು. ಸಾರಂಗಿ ಇಳಿಯಿತು, ತಬಲಾ ಇಳಿಯಿತು, ಗಾಯಕಿಯ ದನಿ ತೆಳ್ಳಗಾಗಿ ತೆಳ್ಳಗಾಗಿ ಮರೆಯಾಯಿತು. ಅದು ಬಿಟ್ಟ ಜಾಗಕ್ಕೆ ಒಳಗಿನ ದನಿ ಮೆಲ್ಲಗೆ ಬಂದು ನಿಂತಿತು. ಹಾಡಿನಲ್ಲಿ ಮುಳುಗಿದ್ದ ಕಾಕಿಗೆ ಮರೆ ಹೋದದ್ದು ತಿಳಿಯಲೇ ಇಲ್ಲ. ಬೀಗರು ಕಣ್ಣು ಮುಚ್ಚಿ ತಲೆ ತೂಗುತ್ತಿದ್ದರು.

"ವಾಹ್," ಎಂದರು ಬೀಗರು. "ಈಗ ಕನ್ನಡದಾಗ ಹಾಡಾಕ ಹತ್ಯಾರ. ಯಾವ ಸ್ಟೇಶನ್ ಇದು?"

ಕಾಕಾ ರೇಡಿಯೋದ ಕಡೆ ತಿರುಗಿದ. ಕೆಂಪು ದೀಪ ಆರಿತ್ತು. ಅವನ ಮುಖ ನಾನು ನೋಡುತ್ತಿದ್ದೆ. ಮೊದಲು ಅದರಲ್ಲಿ ಗೆಲುವು ಬಂತು. ಏಕೆ ಬರಬಾರದು, ಇಡೀ ದಿನ ಹಚ್ಚಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ, ಅದೂ ಬೀಗರ ಮುಂದೆ. "ನೋಡ್ರಿ, ಬ್ಯಾಟರಿ ಸತ್ತದ" ಎಂದು ಒಂದು ಮಾತು ಅಂದರೆ ಸಾಕು, ವ್ಯಾಜ್ಯ ಅವನದು. ಬಾಯಿ ತೆರೆದೂ ತೆರೆದ. ಅಷ್ಟರಲ್ಲಿ ಒಳಗಿಂದ ಹಾಡು ಸ್ಪಷ್ಟವಾಗಿ ಕೇಳಿತು.

ಹೊತ್ತಾನ ಬ್ಯಾಟರಿ ಹೊತ್ತಿಗೊಮ್ಮೆ ನನ ರಾಯ
ಧೋತರದ ತುಂಬ ಕಿಟಕೀಯ | ತೆರೆದಾನ
ತಂಪಿನ ಗಾಳಿ ಬರಲೆಂದ

ಕಾಕಾನ ಬಾಯಿ ತೆರೆದದ್ದು ಹಾಗೇ ಉಳಿಯಿತು. ಹೆಂಡತಿ ಇಷ್ಟು ಉದ್ದ ಮಾತಾಡಿದ್ದನ್ನು ಅವನು ಕೇಳಿದ್ದು ಬಹುಶಃ ಅದೇ ಮೊದಲು. ಅವನ ಕಿವಿ ಕೆಂಪಾಯಿತು, ತುಟಿಯ ಮೂಲೆ ಅಲುಗಿತು. ಬಾಯಿ ಮುಚ್ಚಿಕೊಂಡ. ಮೆಲ್ಲಗೆ ಎದ್ದು ರೇಡಿಯೋದ ಮುಂದೆ, ಆರಿದ ದೀಪ ಬೀಗರಿಗೆ ಕಾಣದ ಹಾಗೆ, ಅಡ್ಡ ನಿಂತ. ಸತ್ತ ರೇಡಿಯೋದ ಕಿವಿಯನ್ನು ಸ್ವಲ್ಪ ತಿರುವಿದ, ಸ್ಟೇಶನ್ ಸರಿ ಹೊಂದಿಸುವವನಂತೆ.

"ದೂರದ ಸ್ಟೇಶನ್ ರಿ," ಎಂದ. "ಖೇಡದ ಕಡೀದು."

ಅಡ್ಡ ನಿಂತದ್ದೇ ತಪ್ಪಾಯಿತು. ಬೀಗರ ಕಣ್ಣ ಮುಂದೆ ಈಗ ಕಾಕಾನ ಧೋತರ, ಬಾಗಿಲ ಬೆಳಕಿಗೆ ಎದುರಾಗಿ, ಎಲ್ಲ ಕಿಟಕಿ ತೆರೆದುಕೊಂಡು. ಬೀಗರು ಧೋತರ ನೋಡಿದರು. ಒಳಗಿನ ಹಾಡು ಕೇಳಿದರು. ಮತ್ತೆ ಧೋತರ ನೋಡಿದರು. ಅವರ ಮೀಸೆಯ ಕೆಳಗೆ ನಗು ಹೊಯ್ದಾಡತೊಡಗಿತು, ಆದರೆ ದೊಡ್ಡ ಮನುಷ್ಯ, ಹೊರಗೆ ಬಿಡಲಿಲ್ಲ.

ಹಿತ್ತಲಿಂದ ಎಲೆ ಹಿಡಿದುಕೊಂಡು ಬಂದ ಆಯಿಗೆ ಪರಿಸ್ಥಿತಿ ತಿಳಿದುಹೋಯಿತು. ಬೀಗರ ಕಿವಿಗೆ ಸೊಸೆಯ ಹಾಡು ಬಿತ್ತಲ್ಲ, ತಾಂಡೂರಿನ ತನಕ ಮಾತು ಹೋಗುತ್ತದಲ್ಲ ಎಂದು ಅವಳ ಮುಖ ಬಿಳಿಚಿತು. ಸುಮ್ಮನಿರಿಸಲು ಅಡುಗೆಮನೆಯ ಕಡೆ ಹೊರಟಳು. ಆಗ ಮುತ್ಯಾ, ಗೋಡೆಗೆ ಒರಗಿದಲ್ಲಿಂದಲೇ, ಪೊರೆ ಬಂದ ಕಣ್ಣನ್ನು ಎತ್ತ ಕಡೆಗೂ ತಿರುಗಿಸದೆ ಹೇಳಿದ:

"ಯಾರೂ ಆರಿಸಬ್ಯಾಡ್ರಿ. ಹಂಗೇ ಇರ್ಲಿ."

ಆಯಿ ನಿಂತಳು. ಹಾಡು ಮುಗಿಯುವ ತನಕ ಪಡಸಾಲೆಯಲ್ಲಿ ಯಾರೂ ಕದಲಲಿಲ್ಲ. ಬೆಕ್ಕು ಮಾತ್ರ ರೇಡಿಯೋದ ತಲೆ ತಣ್ಣಗಾದದ್ದು ತಿಳಿದು, ಬೇಸರದಿಂದ ಇಳಿದು ಹೋಯಿತು.

"ಹಚ್ಚೇ ಇಡಬೇಕು ಅಂತ ಯಾಕ ಅಂತೀನಿ, ಈಗ ತಿಳೀತೇನ್ರಿ ಬೀಗರ?" ಎಂದ ಮುತ್ಯಾ.

"ತಿಳೀತ್ರಿ," ಎಂದರು ಬೀಗರು. "ಖರೇ ಅದ. ಆದ್ರ ಇದು ಅಂಗಡ್ಯಾಗ ಸಿಗೂ ಸಾಮಾನಲ್ಲ ಅಂತ ಕಾಣ್ತದ." ಅಷ್ಟು ಹೇಳಿ ಎದ್ದು ಊಟಕ್ಕೆ ಕುಳಿತರು. ಹೋಳಿಗೆಯನ್ನು ಹೊಗಳಿದರು. ಹಾಡಿನ ಮಾತು ಅಲ್ಲಿಯೂ ಎತ್ತಲಿಲ್ಲ, ತಾಂಡೂರಿನಲ್ಲಿಯೂ ಎತ್ತಲಿಲ್ಲ. ಮುಂದೆ ಅವರು ರೇಡಿಯೋ ಕೊಂಡರಂತೆ. ಸೋದರತ್ತೆ ತವರಿಗೆ ಬಂದಾಗ ಒಂದು ಮಾತು ಹೇಳಿದಳು: ಅವಳ ಮಾವ ರೇಡಿಯೋ ಹಚ್ಚಿ, ಕಿವಿಯನ್ನು ಅಡುಗೆಮನೆಯ ಕಡೆ ಇಟ್ಟುಕೊಂಡು ಕೂಡುತ್ತಾರಂತೆ.

ಮರುದಿನ ಮುಂಜಾನೆ ಮುತ್ಯಾ ಆಳುಗಳನ್ನು ಕರೆದು ಕೊಟ್ಟಿಗೆಯ ಬೀಸುವ ಕಲ್ಲನ್ನು ತೊಳೆಸಿ ಒಳಗೆ ತರಿಸಿದ. ಆಯಿ ತಡೆದಳು. "ಗಿರಣಿ ಮನ್ಯಾಗ ಕಲ್ಲಿನ ಸಪ್ಪಳ ಕೇಳಿದ್ರ ಮಂದಿ ಏನಂತಾರ? ನೀವೇ ಅಂದಿದ್ರಿ."

"ಅನ್ನೋರಿಗಿ ಹೇಳು," ಎಂದ ಮುತ್ಯಾ. "ಹಿಟ್ಟು ಗಿರಣೀದು, ಹಾಡು ಕಲ್ಲಿಂದು."

ಆಮೇಲೆ ನನ್ನನ್ನು ಕರೆದ. ಸೊಸೆಗೆ ನೇರ ಹೇಳುವಂತಿಲ್ಲವಲ್ಲ, ಟಪಾಲು ನನ್ನ ಕೈಗೆ ಬಂತು. "ತಂಗೀ, ನಿಮ್ಮ ಕಾಕಿಗಿ ಹೇಳು. ನಿಮ್ಮ ಮಾವನ ಕಣ್ಣಿಗಿ ಪೊರಿ ಬಂದದ, ಕಿವಿಗಿ ಬಂದಿಲ್ಲ ಅಂತ."

ನಾನು ಹೋಗಿ ಹೇಳಿದೆ. ಕಾಕಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅತ್ತಳೋ ನಕ್ಕಳೋ ನನಗೆ ಆಗ ತಿಳಿಯಲಿಲ್ಲ, ಎರಡೂ ಇರಬೇಕು. ಅಂದರೆ ಮುತ್ಯಾನಿಗೆ ಮೊದಲಿಂದಲ್ಲದಿದ್ದರೂ ಬಹಳ ದಿನದಿಂದ ಗೊತ್ತಿತ್ತು. ಗಜಲು ಕೇಳುತ್ತಿದ್ದೇನೆ ಎಂದು ಕುಳಿತ ಆ ಮುದುಕ ಎಷ್ಟು ದಿನ ಯಾವುದನ್ನು ಕೇಳುತ್ತಿದ್ದನೋ ಶಿವನೇ ಬಲ್ಲ. ವಾಲ್ವು, ಮುದುಕರು, ಏಳುವುದು, ಬೀಳುವುದು ಎಲ್ಲ ಅವನಿಗೂ ಒಂದು ನೆಪವೇ ಆಗಿತ್ತು.

ಅಲ್ಲಿಂದ ಮುಂದೆ ರೇಡಿಯೋ ಸುದ್ದಿಯ ಹೊತ್ತಿಗೆ ಮಾತ್ರ. ಕಾಕಾ ಗೆದ್ದ, ಯಾರೂ ಸೋಲಲಿಲ್ಲ. ಕಾಕಿ ನಸುಕಿನಲ್ಲಿ ಒಂದು ಹಿಡಿ ಜೋಳ ಹಾಕಿಕೊಂಡು ಕಲ್ಲಿನ ಮುಂದೆ ಕೂಡುತ್ತಿದ್ದಳು. ಬೀಸುವುದು ಹೆಸರಿಗೆ. ಅದೇ ಹಿಟ್ಟನ್ನು ಹಾಡು ಮುಗಿಯುವ ತನಕ ಮತ್ತೆ ಮತ್ತೆ ಹಾಕಿ ಬೀಸಿ, ಅದು ವಿಭೂತಿಯಷ್ಟು ನುಣ್ಣಗಾಗುತ್ತಿತ್ತು. ಹಿಟ್ಟಿನ ಗಿರಾಕಿಗಳು ಮುತ್ಯಾನನ್ನು ಕೆಣಕುತ್ತಿದ್ದುದು ನಿಜ, ಆದರೆ ಗಿರಣಿಗೆ ಬರುವವರು ಬರುತ್ತಲೇ ಇದ್ದರು. ಕಾಕಾನ ಧೋತರಗಳು ಇಡಿಯಾಗಿ ಉಳಿದವು. ಹಾಡಿನಲ್ಲಿ ಮಾತ್ರ ಅವಕ್ಕೆ ಕೊನೆಯ ತನಕ ತೂತು ಬೀಳುತ್ತಲೇ ಇದ್ದವು. ಅವನು ನಸುಕಿನಲ್ಲೇ ಎದ್ದು ಬ್ಯಾಟರಿ ನೋಡುವ ನೆಪದಲ್ಲಿ ನಡುಮನೆಯ ಹೊಸ್ತಿಲ ಮೇಲೆ ಬಂದು ಕೂಡುವುದನ್ನು ರೂಢಿ ಮಾಡಿಕೊಂಡ. ಬ್ಯಾಟರಿ ಇರುತ್ತಿದ್ದುದು ಪಡಸಾಲೆಯಲ್ಲಿ.

ಇಷ್ಟೆಲ್ಲ ನೆನಪಾಗಿ, ಧೂಳಿನ ಬಟ್ಟೆ ಕೈಯಲ್ಲೇ ಹಿಡಿದು ನಾನು ಎಷ್ಟು ಹೊತ್ತು ಕುಳಿತಿದ್ದೆನೋ. ಎದ್ದವಳು ಅಭ್ಯಾಸಬಲದಿಂದ ಯಂತ್ರದ ಸ್ವಿಚ್ಚಿಗೆ ಕೈ ಹಾಕಿದೆ. ಪಡಸಾಲೆಯಲ್ಲಿ ನಾನೊಬ್ಬಳೇ. ಯಾರೋ ಉಸ್ತಾದರ ಹಾಡು ತನ್ನ ಪಾಡಿಗೆ ನಡೆದಿತ್ತು. ಅದರ ಕೆಳಗೆ ಇನ್ನೊಂದು ದನಿ ಕೇಳಿತು. ಒಳಕೋಣೆಯಲ್ಲಿ ಮಗ ಅಂಗಿಗೆ ಇಸ್ತ್ರಿ ಮಾಡುತ್ತಿದ್ದ. ಮಾಡುತ್ತ ಹಾಡುತ್ತಿದ್ದ.

ಇವನು ಹಾಡಿದ್ದನ್ನು ನಾನು ಎಂದೂ ಕೇಳಿರಲಿಲ್ಲ. ಚಿಕ್ಕವನಿದ್ದಾಗ ಶಾಲೆಯ ಪ್ರಾರ್ಥನೆಯಲ್ಲಿ ಮಾಸ್ತರರು, ನೀನು ಸುಮ್ಮನೆ ಬಾಯಿ ಆಡಿಸು ಸಾಕು ಎಂದಿದ್ದರಂತೆ. ಮನೆಗೆ ಬಂದು ಊಟ ಬಿಟ್ಟು ಮಲಗಿದ್ದ. ಅಲ್ಲಿಂದ ಜೋಗುಳಕ್ಕೂ ಬಾಯಿ ಬಿಟ್ಟವನಲ್ಲ. ತನ್ನ ಮಕ್ಕಳನ್ನು ಮಗ್ಗಿ ಹೇಳಿ ಮಲಗಿಸಿದ. ಈಗ ಉಸ್ತಾದರ ಮರೆಯಲ್ಲಿ ನಿಂತು, ತಾಳ ಒಂದು ಕಡೆ ತಾನೊಂದು ಕಡೆ, ಸುಖವಾಗಿ ಹಾಡುತ್ತಿದ್ದಾನೆ. ಮಾಸ್ತರರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೂ ನಾನು ಸ್ವಿಚ್ಚು ಒತ್ತಲಿಲ್ಲ. ಇಷ್ಟು ದಿನ ನಾನು ಆ ಯಂತ್ರ ಬಂದ್ ಮಾಡುತ್ತಲೇ ಅದು ಅವನಿಗೆ ಹೇಗೆ ತಿಳಿಯುತ್ತಿತ್ತು ಎಂಬುದು ಆಗ ಗೊತ್ತಾಯಿತು.

ಇಸ್ತ್ರಿ ಮಾಡಿದ ಅಂಗಿ ಹಿಡಿದು ಅವನು ಹೊರಗೆ ಬಂದ. ನನ್ನ ಕೈ ಇನ್ನೂ ಸ್ವಿಚ್ಚಿನ ಹತ್ತಿರವೇ ಇತ್ತು. ಅವನ ಹುಬ್ಬು ಗಂಟಾಯಿತು.

"ಅವ್ವಾ..."

"ಆರಿಸಿಲ್ಲಪ್ಪಾ," ಎಂದೆ. "ಇರ್ಲಿ ಬಿಡು. ಹಚ್ಚೂದು ಆರಿಸೂದು ಮಾಡಿದ್ರ ವಾಲ್ವ್ ಕೆಡ್ತಾವ."

ಅವನು ನನ್ನನ್ನು ಅನುಮಾನದಿಂದ ನೋಡಿದ. ಇಷ್ಟು ಬೇಗ ಸೋಲುವ ಫಿರ್ಯಾದಿಯನ್ನು ಅವನು ಕಂಡಿರಲಿಲ್ಲ. ಇನ್ನೊಂದು ಅಂಗಿ ತೆಗೆದುಕೊಂಡು ಒಳಗೆ ಹೋದ. ಸ್ವಲ್ಪ ಹೊತ್ತಿಗೆ ಹಾಡು ಮತ್ತೆ ಸುರುವಾಯಿತು. ನಾನು ಯಂತ್ರದ ಕಿವಿಗೆ ಬೆರಳು ಹಚ್ಚಿ, ಅವನಿಗೆ ತಿಳಿಯದಷ್ಟು ಮೆಲ್ಲಗೆ, ಬ್ಯಾಟರಿ ಇಳಿದ ಹಾಗೆ, ಉಸ್ತಾದರ ದನಿಯನ್ನು ತಗ್ಗಿಸುತ್ತ ಹೋದೆ.